ಸೋಮವಾರ ಹಚ್ಚದ ಔಷಧ

ಜೂನ್ 8, 2024. ಶನಿವಾರ

ಸಿಂಧನೂರಿಗೆ ಹೋಗಿ ಬಂದೆ. ಮಸ್ಕಿಯಲ್ಲಿ ಯಾರಿಗೂ ನಿಜ ಹೇಳಿಲ್ಲ. ಬಸ್‌ಸ್ಟ್ಯಾಂಡಿಗೆ ಬಿಟ್ಟ ಆಟೋದ ದಸ್ತಗೀರ್‌ಸಾಬ್ ಕೇಳಿದ್ದಕ್ಕೆ ಕಣ್ಣು ತೋರಿಸಬೇಕು ಎಂದೆ. ಹೋಗಿದ್ದು ಚರ್ಮದ ಡಾಕ್ಟರ ಹತ್ತಿರ, ಪಾದ ತೋರಿಸಲು.

ಬಲಪಾದದ ಹೆಬ್ಬೆರಳಿನ ಉಗುರು ಎರಡು ವರ್ಷದಿಂದ ಹಳದಿಯಾಗಿ, ದಪ್ಪಗಾಗಿ, ಅಂಚಿನಲ್ಲಿ ಹಳೇ ಗೋಡೆಯ ಸುಣ್ಣದಂತೆ ಉದುರುತ್ತಿದೆ. ಎಡದ್ದಕ್ಕೂ ಈಗ ಮೂಲೆಯಲ್ಲಿ ಹತ್ತಿಕೊಂಡಿದೆ. ಬೇರೆಯವರಿಗಾದರೆ ಅದು ಬೂಟಿನೊಳಗೆ ಮುಚ್ಚಿಹೋಗುವ ಸಂಗತಿ. ನಾನು ಹಿರೇಮಠದ ಅಮರಯ್ಯ. ಸೋಮವಾರ ಬಂತೆಂದರೆ ಭಕ್ತರ ಮನೆಯಲ್ಲಿ ಈ ಪಾದಗಳನ್ನು ಹಿತ್ತಾಳೆಯ ಹರಿವಾಣದಲ್ಲಿಟ್ಟು ತೊಳೆಯುತ್ತಾರೆ, ಹೆಬ್ಬೆರಳಿಗೆ ವಿಭೂತಿ ಹಚ್ಚಿ ಪತ್ರಿ ಏರಿಸುತ್ತಾರೆ, ಬೆರಳ ಮೇಲೆ ಎರೆದ ನೀರನ್ನು ಪಾದೋದಕವೆಂದು ಕುಡಿಯುತ್ತಾರೆ. ನಮ್ಮಪ್ಪನ ಪಾದಕ್ಕೂ, ಅವರಪ್ಪನ ಪಾದಕ್ಕೂ ನಡೆದದ್ದು ಇದೇ. ಉಗುರು ನನ್ನದಿರಬಹುದು, ಪಾದ ನನ್ನದಲ್ಲ, ಮಠದ್ದು.

ಡಾಕ್ಟರು ಹೆಣ್ಣುಮಗಳು, ಹೆಸರು ದೀಪಾ. ಗೋಡೆಯ ಮೇಲೆ ಬುದ್ಧನ ಪಟ. ಮಾತಿಗೆ ಮಾತು ಬಂದು ದಢೇಸುಗೂರಿನ ಊರಾಚೆ ಕೇರಿಯ ಹುಸೇನಪ್ಪ ಮಾಸ್ತರರ ಮಗಳೆಂದು ಗೊತ್ತಾಯಿತು. ಗೊತ್ತಾದ ಮೇಲೆ ನಾನು ಹೆಚ್ಚು ಕೇಳಲಿಲ್ಲ. ಸ್ಟೂಲಿನ ಮೇಲೆ ಕೂತು ನನ್ನ ಪಾದವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ನಾನು ಹಿಂದಕ್ಕೆ ಸೆಳೆದುಕೊಂಡೆ.

"ಬಿಡ್ರಿ, ಡಾಕ್ಟರ್ ಮುಂದ ನಾಚಿಕಿ ಯಾಕ," ಎಂದು ಮತ್ತೆ ಎಳೆದುಕೊಂಡಳು. ಮೂವತ್ತು ವರ್ಷದಿಂದ ಜನ ಈ ಪಾದಗಳನ್ನು ಕಣ್ಣಿಗೊತ್ತಿಕೊಂಡು ಮುಟ್ಟಿದ್ದಾರೆ. ಈಕೆ ಮುಟ್ಟಿದ್ದು ಸಂತೆಯಲ್ಲಿ ಬದನೆಕಾಯಿ ತಿರುವಿ ನೋಡಿದಂತೆ.

ಉಗುರು ಕೆರೆದು ಪುಡಿ ತೆಗೆದು ಪರೀಕ್ಷೆ ಮಾಡಿದರು. ಫಂಗಸ್ಸೇ. ರೊಟ್ಟಿಗೆ ಹಿಡಿಯುವ ಬೂಷ್ಟಿನ ಜಾತಿಯದಂತೆ, ಉಗುರಿನಡಿ ಮನೆ ಮಾಡಿಕೊಂಡಿದೆ. ನನಗೆ ಹಿಂದೆ ಕಾಮಾಲೆ ಆಗಿ ಲಿವರ್ ಕೆಟ್ಟದ್ದರಿಂದ ನುಂಗುವ ಗುಳಿಗೆ ಕೊಡುವಂತಿಲ್ಲ.

"ಎರಡೂ ಕೂಡೇ ಮಾಡೂಣ್ರಿ," ಎಂದಳು. "ತಿಂಗಳಿಗೊಮ್ಮೆ ಲೇಸರ್. ದಿನಾ ಮಲಗೂ ಮುಂದ ಉಗುರಿಗೆ ಹಚ್ಚೋ ಔಷಧ. ಲೇಸರ್ ಒಳಗಿನ ಫಂಗಸ್ ಸುಡತೈತಿ, ಔಷಧ ಅದು ತಿರುಗಿ ಬರದಂಗ ಕಾಯತೈತಿ. ಒಂದು ಮಾಡಿ ಒಂದು ಬಿಟ್ರಿ ಅಂದ್ರ ಎರಡೂ ದಂಡ. ಹೆಬ್ಬೆರಳ ಉಗುರು ಪೂರ್ತಿ ಹೊಸದು ಬರಾಕ ವರ್ಷದ ಮ್ಯಾಲ ಬೇಕು. ಸಬೂರಿ ಇರಲಿ."

ಔಷಧದ ಬಾಟಲಿ ಹೆಣ್ಣುಮಕ್ಕಳು ಉಗುರಿಗೆ ಬಣ್ಣ ಹಚ್ಚುವ ಬಾಟಲಿಯಂತೆಯೇ ಇದೆ, ಮುಚ್ಚಳದಲ್ಲೇ ಕುಂಚ. ಶಿವಬಸಮ್ಮ ನೋಡಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಕೈಹಿಡಿದವಳು ನಕ್ಕರೆ ನಷ್ಟವಿಲ್ಲ, ಊರು ನಗಬಾರದು.

ಬಂದ ಕೂಡಲೇ ತಲೆಯ ಮೇಲಿಂದ ನೀರು ಹಾಕಿಕೊಂಡೆ. ಬಿಸಿಲು ಬಹಳವಿತ್ತು.

ಜೂನ್ 10. ಸೋಮವಾರ

ಪಾಮನಕಲ್ಲೂರು. ಕರಿಬಸಪ್ಪನ ಮನೆ ಪೂಜೆ.

ನಮ್ಮ ಮನೆತನದ ಪದ್ಧತಿಯಂತೆ ಊರ ಬಾಗಿಲಾದ ಅಗಸಿಯಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಊರೊಳಗೆ ನಡೆದೆ. ಕರಿಬಸಪ್ಪ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು. ಕಿಡ್ನಿ ಅರ್ಧ ಕೈಕೊಟ್ಟಿದೆ, ಕಣ್ಣು ಮುಕ್ಕಾಲು. ಆದರೂ ಪಾದ ತೊಳೆಯುವುದನ್ನು ಮಗನಿಗೆ ಬಿಟ್ಟುಕೊಡುವುದಿಲ್ಲ. ಪಾದೋದಕ ತೆಗೆದುಕೊಳ್ಳದೆ ಸೋಮವಾರ ಬಾಯಿಗೆ ಒಂದಗುಳು ಹಾಕುವುದಿಲ್ಲ. ತೊಳೆಯುವಾಗ ಇವತ್ತೂ ಎಂದಿನಂತೆ ಹೆಬ್ಬೆರಳು ಹಿಡಿದು ಹೇಳಿದ:

"ಅಯ್ಯಾರ, ನಾ ಹೋದಾಗ ನನ್ನ ನೆತ್ತಿ ಮ್ಯಾಲ ಈ ಪಾದಾನ ಬೀಳಬೇಕ್ರಿ. ಬ್ಯಾರೆದವರದು ಬ್ಯಾಡ. ಮಾತ ಕೊಡ್ರಿ."

"ಎಷ್ಟ ಸರ್ತಿ ಕೊಡಲಪ್ಪ? ಆತು, ಇಡತೀನಿ. ನೀ ಮೊದಲ ಹೋಗೂದು ಯಾವ ಲೆಕ್ಕ?" ಎಂದೆ. ಸತ್ತ ಭಕ್ತನ ತಲೆಯ ಮೇಲೆ ಅಯ್ಯನು ಬಲಪಾದ ಇಟ್ಟ ಮೇಲೆಯೇ ಹೆಣ ಎತ್ತುವುದು. ಕರಿಬಸಪ್ಪನಿಗೆ ಹೊಲದ ಪಾಲಿಗಿಂತ ಅದರದೇ ಚಿಂತೆ.

ಸೊಸೆ ವಿಜಯಶ್ರೀ ಪಾದೋದಕದ ಹಿತ್ತಾಳೆ ಬಟ್ಟಲನ್ನು ಒಳಗೊಯ್ದು ದೇವರ ಜಗುಲಿಯ ಮುಂದಿಟ್ಟು ತಂದು ಎಲ್ಲರ ಅಂಗೈಗೆ ಹನಿಸಿದಳು. ಎಲ್ಲರೂ ಕಣ್ಣು ಮುಚ್ಚಿ ಕುಡಿದರು. ನಾನು ಒಬ್ಬೊಬ್ಬರ ಅಂಗೈಯನ್ನೇ ನೋಡುತ್ತಿದ್ದೆ. ಬಾಟಲಿಯ ಮೇಲೆ ‘ಹೊರಗೆ ಹಚ್ಚಲು ಮಾತ್ರ, ನುಂಗಬಾರದು’ ಎಂದು ಬರೆದಿದೆ. ಆದ್ದರಿಂದ ನಿನ್ನೆ ಸಂಜೆಯೇ ಸ್ಪಿರಿಟ್‌ನಿಂದ ಉಗುರು ಒರೆಸಿ ತೆಗೆದುಬಿಟ್ಟಿದ್ದೆ. ಕಿಡ್ನಿ ಕೆಟ್ಟವನ ಹೊಟ್ಟೆಗೆ ನನ್ನ ಕಾಲಿನ ಔಷಧ ಇಳಿಯುವುದು ಬೇಡ.

ನಿನ್ನೆ ಹಚ್ಚಲಿಲ್ಲ. ಇವತ್ತು ಸೋಮವಾರ, ಪೂಜೆಯ ದಿನ, ಇವತ್ತೂ ಹಚ್ಚಲಿಲ್ಲ.

ಜೂನ್ 22. ಶನಿವಾರ

ಮೊದಲ ಲೇಸರ್ ಆಯಿತು. ನನಗೂ ಒಂದು ಕರಿ ಕನ್ನಡಕ, ಡಾಕ್ಟರಿಗೂ ಒಂದು. ಮೊದಲು ಉಗುರನ್ನು ತಿಕ್ಕಿ ತೆಳ್ಳಗೆ ಮಾಡಿದರು. ಆಮೇಲೆ ಪೆನ್ನಿನಂಥದ್ದು ಹಿಡಿದು ಉಗುರಿನ ಮೇಲೆ ಚುಕ್ಕೆ ಇಟ್ಟಂತೆ ಬೆಳಕು ಹಾಯಿಸಿದರು. ಸುಟ್ಟ ಕೂದಲಿನ ವಾಸನೆ.

"ಬಿಸಿ ತಡೀಲಿಕ್ಕಾಗದಿದ್ರ ಹೇಳ್ರಿ, ನಿಲ್ಲಸ್ತೀನಿ," ಎಂದಳು.

ಎಡಪಾದದಲ್ಲಿ ಚುರ್ರೆಂದು ಕಾಲು ಹಿಂದಕ್ಕೆ ಹಾರಿತು. ಬಲದಲ್ಲಿ ಏನೂ ಆಗಲಿಲ್ಲ. ನಾನು ಹುಬ್ಬು ಸಹ ಅಲುಗಿಸದೆ ಕೂತೆ. ಇಷ್ಟು ವರ್ಷದ ಪೂಜೆ, ಜಪ, ಒಂದಿಷ್ಟಾದರೂ ಬಲ ಕೊಟ್ಟಿರಬೇಕಲ್ಲ ಎಂದುಕೊಂಡೆ. ಡಾಕ್ಟರು ಮಾತ್ರ ಮೆಚ್ಚಲಿಲ್ಲ. ಮಷಿನ್ ನಿಲ್ಲಿಸಿ, ನನ್ನ ಕಣ್ಣು ಮುಚ್ಚಿಸಿ, ಒಂದು ನೈಲಾನ್ ದಾರದ ತುದಿಯಿಂದ ಬೆರಳಿಗೆ, ಅಂಗಾಲಿಗೆ ಚುಚ್ಚುತ್ತ "ಮುಟ್ಟಿದಾಗ ಹೂಂ ಅನ್ರಿ" ಎಂದಳು. ನಾನು ಅಂದಾಜಿನಲ್ಲಿ ಹೂಂ, ಹೂಂ ಎನ್ನುತ್ತ ಹೋದೆ.

"ನಾ ಮುಟ್ಟೇ ಇಲ್ಲ, ಹೂಂ ಅಂತೀರಲ್ರಿ," ಎಂದಳು.

ನನಗೆ ಮೊದಲಿಂದ ಇರುವ ಸಕ್ಕರೆ ಕಾಯಿಲೆಯಿಂದ ಬಲಗಡೆ ನರ ಸತ್ತಿದೆಯಂತೆ. ಮುಳ್ಳು ಚುಚ್ಚಿದರೂ ತಿಳಿಯದು. ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು, ದಿನಾ ಪಾದ ತಿರುಗಿಸಿ ನೋಡಿಕೊಳ್ಳಬೇಕು ಎಂದು ಬೈದಂತೆ ಹೇಳಿದಳು. ಲೇಸರಿನ ಬಿಸಿಯನ್ನು ಆ ಕಡೆ ಕಡಿಮೆ ಮಾಡಿ ಮುಗಿಸಿದಳು. ಅಗಸಿಯಿಂದ ಚಪ್ಪಲಿ ಹಾಕಿಕೊಂಡು ಊರು ಹೊಕ್ಕ ಅಯ್ಯ ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಅದನ್ನು ಆಕೆಗೆ ಹೇಳಿ ಪ್ರಯೋಜನವಿಲ್ಲ.

ಜುಲೈ 20. ಶನಿವಾರ

ಎರಡನೇ ಲೇಸರ್. ಉಗುರಿನ ಬುಡದಲ್ಲಿ ಹೊಸ ಉಗುರು ಕಾಣಿಸಿದೆ! ಒಂದು ಅಕ್ಕಿಕಾಳಿನಷ್ಟು, ಎಳೆಮಗುವಿನ ಉಗುರಿನ ಬಣ್ಣ. ಡಾಕ್ಟರು ಭೂತಗನ್ನಡಿ ಕೊಟ್ಟು ತೋರಿಸಿದಳು. ಇಬ್ಬರೂ ತಲೆಗೆ ತಲೆ ಕೂಡಿಸಿ ನೋಡಿದೆವು. ಖುಷಿ ತಡೆಯಲಾಗದೆ "ಚೊಲೋ ಕೈಗುಣ ಐತಿ ತಾಯಿ ನಿಂದು" ಎಂದುಬಿಟ್ಟೆ. ಏಕವಚನ ಬಾಯಿಗೆ ಬಂದದ್ದಕ್ಕೆ ಆಕೆ ಬೇಜಾರು ಮಾಡಿಕೊಳ್ಳಲಿಲ್ಲ.

"ಕೈಗುಣ ಅಲ್ರಿ, ಎರಡೂ ಕೂಡೇ ಮಾಡಾಕತ್ತೀವಲ್ಲ, ಅದಕ್ಕ. ದಿನಾ ಹಚ್ಚಾಕತ್ತೀರಿಲ್ಲೋ?"

"ದಿನಾ," ಎಂದೆ. ಪೂಜೆಯ ದಿನ, ಅದರ ಹಿಂದಿನ ದಿನ ಬಿಟ್ಟರೆ ದಿನಾ ಹಚ್ಚಿದ್ದೇನೆ. ಅಷ್ಟು ಸುಳ್ಳು ಸುಳ್ಳಲ್ಲ.

ಬರುವಾಗ ಬಸ್ಸಿನಲ್ಲಿ ಪಕ್ಕದವನ ಜೊತೆ ಊರ ಸುದ್ದಿ ಹೇಳುತ್ತ ಬಂದೆ. ಮನೆಗೆ ಬಂದು ಬೆವರಲ್ಲೇ ಕೂತು ಊಟ ಮಾಡಿದೆ. ಶಿವಬಸಮ್ಮ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿದ್ದಳು.

ಆಗಸ್ಟ್ 4. ಭಾನುವಾರ

ನಾಳೆ ಶ್ರಾವಣ. ಈ ತಿಂಗಳು ಸೋಮವಾರವೆಂದಿಲ್ಲ, ದಿನಕ್ಕೊಂದು ಮನೆ, ಒಮ್ಮೊಮ್ಮೆ ಎರಡು. ಔಷಧದ ಬಾಟಲಿಯನ್ನು ಗೋಡೆಯಲ್ಲಿನ ಮಾಡದ ಮೇಲಿಟ್ಟೆ. ತಿಂಗಳು ಮುಗಿಯಲಿ, ಆಮೇಲೆ ಎರಡರಷ್ಟು ಹಚ್ಚಿದರಾಯಿತು. ಅಷ್ಟರವರೆಗೆ ಲೇಸರ್ ಕಾಯುತ್ತದೆ.

ಶಿವಬಸಮ್ಮ ನೋಡಿಬಿಟ್ಟಳು.

"ಯಾಕ್ರೀ ಮ್ಯಾಲಿಟ್ರಿ?"

"ತೊಳೆದ ನೀರು ಮಂದಿ ಕುಡೀತಾರ. ವಿಷ ಕುಡಸ್ಲೇನು?"

"ಹಂಗಾರ ಅವರಿಗೆ ಒಂದು ಮಾತ ಹೇಳ್ರಿ. ಪಾದಕ್ಕ ಜಡ್ಡಾಗೇತಿ, ಈ ವರ್ಷ ಪಾದ ಬ್ಯಾಡ, ಲಿಂಗಕ್ಕ ಎರೆದ ನೀರ ತಗೋರಿ ಅಂತ. ಬ್ಯಾಡ ಅಂತಾರೇನು?"

"ಅಯ್ಯನ ಪಾದಕ್ಕ ರೋಗ ಬಡದೈತಿ ಅಂತ ನಾನ ಊರಾಗ ಡಂಗುರ ಹೊಡೀಲೇನು? ಸುಮ್ಮನಿರು, ನಿನಗ ತಿಳಿಯಂಗಿಲ್ಲ."

ಅವಳು ಸುಮ್ಮನಾದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ಆಗಸ್ಟ್ 5. ಸೋಮವಾರ

ಹಚ್ಚಲಿಲ್ಲ.

ಆಗಸ್ಟ್ 12. ಸೋಮವಾರ

ಕರಿಬಸಪ್ಪನ ಮನೆ. ಹಚ್ಚಲಿಲ್ಲ. ವಿಜಯಶ್ರೀ ಬಟ್ಟಲು ಎತ್ತಿಕೊಳ್ಳುವಾಗ ನನ್ನ ಹೆಬ್ಬೆರಳನ್ನೇ ನೋಡಿದಂತಾಯಿತು. ಇನ್ನೆರಡು ಪತ್ರಿ ಎಳೆದು ಉಗುರು ಮುಚ್ಚಿದೆ. ಆಕೆ ಕಣ್ಣು ಕೆಳಗೆ ಹಾಕಿ ಬಟ್ಟಲು ಒಳಗೊಯ್ದಳು. ವಿನಯದ ಹುಡುಗಿ.

ಆಗಸ್ಟ್ 24. ಶನಿವಾರ

ಮೂರನೇ ಲೇಸರ್. ಹೊಸ ಉಗುರಿನ ಮೇಲೂ ಬಿಳಿ ಪುಡಿ ಏರಿದೆ. ಅಕ್ಕಿಕಾಳು ಹೋಯಿತು. ಡಾಕ್ಟರು ನನ್ನ ಪಾದವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಔಷಧ ಬಿಟ್ಟೀರೇನ್ರಿ?"

"ಇಲ್ಲ."

"ಹಂಗಾರ ತಪ್ಪು ನಂದ ಇರಬೇಕು. ಇದು ಆ ಔಷಧಕ್ಕ ಬಗ್ಗದ ಜಾತಿ ಇರಬೇಕು. ರಾಯಚೂರಿನ ನಮ್ಮ ಸರ್‌ಗೆ ಫೋಟೋ ಕಳಿಸಿ ಕೇಳತೀನಿ. ನೀವು ಇಷ್ಟು ನೇಮದಿಂದ ಮಾಡಿದ್ರೂ ಹಿಂಗಾತಲ್ಲ, ನನಗ ಕೆಟ್ಟ ಅನಸತೈತಿ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಾಯಿವರೆಗೆ ಬಂದ ಮಾತನ್ನು ನುಂಗಿದೆ. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದಳು. ಯಾಕೆ ಎಂದು ಹೇಳಿದ್ದರೆ, ಹುಸೇನಪ್ಪ ಮಾಸ್ತರರ ಮಗಳು ನಮ್ಮ ಪಾದೋದಕದ ಬಗ್ಗೆ ಏನೆಂದುಕೊಳ್ಳುತ್ತಿದ್ದಳೋ! ಹೊಸ ಬಾಟಲಿ ಕೊಟ್ಟಳು. ಅದನ್ನೂ ಮಾಡದ ಮೇಲಿಟ್ಟೆ.

ಸೆಪ್ಟೆಂಬರ್ 2. ಸೋಮವಾರ

ಶ್ರಾವಣದ ಕೊನೆಯ ಸೋಮವಾರ. ಕರಿಬಸಪ್ಪನಿಗೆ ಬಗ್ಗಲಾಗುತ್ತಿಲ್ಲ. ಮಗ ಅನಿಲಕುಮಾರ ರಟ್ಟೆ ಹಿಡಿದು ಕೂಡಿಸಿದ. ಆದರೂ ತೊಳೆದವನು ಅವನೇ. ನೆತ್ತಿಯ ಮಾತು ಇವತ್ತೂ ಬಂತು. ಎಲ್ಲರೂ ತೀರ್ಥ ತೆಗೆದುಕೊಂಡ ಮೇಲೆ ಹೋಳಿಗೆ ಊಟ.

ಮನೆಗೆ ಬಂದು ಪಡಸಾಲೆಯಲ್ಲಿ ಕೂತಿದ್ದೆ. ಶಿವಬಸಮ್ಮ ಒಳಗಿನಿಂದ ಬಂದವಳು ನೆಲ ನೋಡಿ ಚೀರಿದಳು. ಬಾಗಿಲಿಂದ ನಾನು ಕೂತಲ್ಲಿಯವರೆಗೆ ರಕ್ತದ ಹೆಬ್ಬೆರಳ ಗುರುತು. ಬಲ ಹೆಬ್ಬೆರಳಿನ ಉಗುರಿನಡಿ ಜಾಲಿಮುಳ್ಳು ಮುರಿದು ಕೂತಿತ್ತು. ಪಾಮನಕಲ್ಲೂರಿನ ಅಗಸಿಯಿಂದಲೇ ಬಂದಿರಬೇಕು. ಅದರ ಮೇಲೇ ನಡೆದಿದ್ದೇನೆ, ಪೂಜೆಗೆ ಕೂತಿದ್ದೇನೆ, ಉಂಡಿದ್ದೇನೆ. ನೋವೆಂಬುದೇ ಇಲ್ಲ.

ಶಿವಬಸಮ್ಮ ಅಳುತ್ತ ಮುಳ್ಳು ಕಿತ್ತಳು. ಅರಿಶಿನ, ಸುಣ್ಣ ಮೆತ್ತಿ ಕಟ್ಟಿದಳು. ತೊಳೆದ ನೀರಿನಲ್ಲಿ ರಕ್ತ ಇತ್ತೇ? ಆ ಯೋಚನೆ ತಲೆಯಿಂದ ಹೋಗುತ್ತಿಲ್ಲ.

ಸೆಪ್ಟೆಂಬರ್ 13. ಶುಕ್ರವಾರ

ಬೆರಳು ಊದಿದೆ. ಬಣ್ಣ ನೇರಳೆಹಣ್ಣಿನದು. ನೋವಿಲ್ಲವಾದ್ದರಿಂದ ದೊಡ್ಡದೇನೂ ಇರಲಿಕ್ಕಿಲ್ಲ.

ಸೆಪ್ಟೆಂಬರ್ 18. ಬುಧವಾರ

ವಾಸನೆ. ಶಿವಬಸಮ್ಮ ಹೇಳುತ್ತಿಲ್ಲ, ಊದುಬತ್ತಿ ಮಾತ್ರ ಹೆಚ್ಚು ಹಚ್ಚುತ್ತಿದ್ದಾಳೆ. ಮೈಯಲ್ಲಿ ಜ್ವರ ಇದೆ.

ಸೆಪ್ಟೆಂಬರ್ 21. ಶನಿವಾರ

ದಸ್ತಗೀರ್‌ಸಾಬನ ಆಟೋದಲ್ಲೇ ಸಿಂಧನೂರಿಗೆ ಹೋದೆವು. ಈ ಸಲ ಅವನು ಏನೂ ಕೇಳಲಿಲ್ಲ. ನನ್ನನ್ನು ಎತ್ತಿ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದ.

ಡಾಕ್ಟರು ಬೆರಳಿಗೆ ಕಟ್ಟಿದ ಬಟ್ಟೆ ಬಿಚ್ಚಿ ನೋಡಿದಳು. ಕೀವಿನ ಕಾಲನ್ನು ತೊಡೆಯ ಮೇಲೇ ಇಟ್ಟುಕೊಂಡು ತೊಳೆದಳು. ಬಿಳಿ ಕೋಟು ಕೆಟ್ಟಿತು. ನಾನು ಎಲ್ಲ ಹೇಳಿಬಿಟ್ಟೆ. ಸೋಮವಾರ, ಶ್ರಾವಣ, ಮಾಡದ ಮೇಲಿನ ಬಾಟಲಿ, ಬರಿಗಾಲು, ಪಾದೋದಕ. ಜ್ವರದಲ್ಲಿ ನಾಲಿಗೆಗೆ ಬೀಗವಿರುವುದಿಲ್ಲ.

ಬೈಯುತ್ತಾಳೆ ಎಂದುಕೊಂಡಿದ್ದೆ. ನಗುತ್ತಾಳೆ ಎಂದೂ ಹೆದರಿದ್ದೆ. ಎರಡನ್ನೂ ಮಾಡಲಿಲ್ಲ.

"ಅವರ ಹೊಟ್ಟಿಗೆ ಹೋಗಬಾರದು ಅಂತ ಬಿಟ್ರಿ," ಎಂದಳು. "ಇಷ್ಟ ನನ್ನ ಮುಂದ ಅಂದಿದ್ರ ಬ್ಯಾರೆ ದಾರಿ ಹುಡುಕ್ತಿದ್ದೆ. ನಾನೂ ಹಳ್ಳಿಯಾಕೀನ ಅದೀನಲ್ರಿ. ಯಾಕ ಹೇಳಲಿಲ್ಲ?"

ಕೀವು ಎಲುಬಿಗೆ ಹತ್ತಿದೆ, ಲೇಸರೂ ಔಷಧವೂ ಇನ್ನು ಆ ಬೆರಳಿಗೆ ಬೇಕಾಗಿಲ್ಲ ಎಂದಳು. ಲಿಂಗಸುಗೂರಿನ ಸರ್ಜನ್‌ಗೆ ತಾನೇ ಫೋನ್ ಮಾಡಿದಳು.

ಸೆಪ್ಟೆಂಬರ್ 24. ಮಂಗಳವಾರ. ಲಿಂಗಸುಗೂರು

ನಿನ್ನೆ ಬೆರಳು ತೆಗೆದರು. ನಿನ್ನೆ ಸೋಮವಾರ.

ಸೆಪ್ಟೆಂಬರ್ 29. ಭಾನುವಾರ. ಲಿಂಗಸುಗೂರು

ಕಟ್ಟು ಬಿಚ್ಚುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ನರ್ಸ್‌ಗಳು ಒಳ್ಳೆಯವರೇ, ಕೈ ಮಾತ್ರ ಬಿರುಸು. ಇವತ್ತು ದೀಪಾ ಬಂದಿದ್ದಳು, ರಜೆಯ ದಿನ. ಬಂದವಳೇ ಸ್ಟೂಲು ಎಳೆದು ಕೂತಳು. ಹೇಳಿಸಿಕೊಳ್ಳದೆ ನಾನೇ ಕಾಲನ್ನು ಆಕೆಯ ತೊಡೆಯ ಮೇಲಿಟ್ಟೆ. ಇನ್ನು ಕಟ್ಟು ನೀನೇ ಬಿಚ್ಚು ತಾಯಿ ಎಂದೆ.

ಎಡಗಾಲಿನ ಉಗುರು ಉಳಿಸಬಹುದು, ಲೇಸರ್ ಇನ್ನೂ ಮೂರು ಸಲ ಬೇಕು, ಔಷಧ ದಿನಾ ಬೇಕು ಎಂದು ಹೇಳಿದಳು. ತಮ್ಮ ಮನೆಯಿಂದ ಗಂಜಿ ತಂದಿದ್ದಳು. ಕುಡಿದೆ. ಉಪ್ಪು ಸ್ವಲ್ಪ ಕಡಿಮೆಯಿತ್ತು.

ನವೆಂಬರ್ 18. ಸೋಮವಾರ

ಕಾರ್ತಿಕದ ಸೋಮವಾರಗಳು ಹೀಗೇ ಕಳೆಯುತ್ತಿವೆ. ಯಾರೂ ಪೂಜೆಗೆ ಕರೆಯಲಿಲ್ಲ. ಕೆಟ್ಟ ಮಾತೂ ಯಾರೂ ಆಡಲಿಲ್ಲ. ಜೋಳ ಕಳಿಸುತ್ತಾರೆ, ತೊಗರಿಬೇಳೆ ಕಳಿಸುತ್ತಾರೆ, ‘ಆರಾಮ ತಗೋರಿ ಅಯ್ಯಾರ’ ಎನ್ನುತ್ತಾರೆ. ಅನಿಲಕುಮಾರ ಬಂದು ಹಿತ್ತಲ ಕಡೆ ನೋಡುತ್ತ ಮಾತಾಡಿ ಹೋದ. ಅಪ್ಪನಿಗೆ ಈಗ ವಾರಕ್ಕೆರಡು ಸಲ ಡಯಾಲಿಸಿಸ್.

"ನಿಮಗ ಅಡ್ಡಾಡಾಕ ತ್ರಾಸ ಆಗತೈತಿ ಅಯ್ಯಾರ. ಲಿಂಗಸುಗೂರ ಮಠದ ಸಣ್ಣ ಅಯ್ಯಾರು ಬರತೀನಿ ಅಂದಾರ. ಮುಂದ ಏನರ ಕಾರ್ಯ ಬಂದ್ರ ಅವರ್ನ ಕರಸೂಣು ಅಂತ..."

ಮುಂದೆ ಬರುವ ಕಾರ್ಯ ಯಾವುದೆಂದು ಇಬ್ಬರಿಗೂ ಗೊತ್ತು. ಬೆರಳಿಲ್ಲದ ಅಯ್ಯನ ಪಾದ ತಲೆಗೆ ಸಲ್ಲುವುದಿಲ್ಲವೆಂದು ಯಾವ ಶಾಸ್ತ್ರದಲ್ಲಿದೆಯೋ ನನಗೆ ತಿಳಿಯದು. ಜನರ ಮನಸ್ಸಿನಲ್ಲಿ ಇದೆ. "ಆತಪ್ಪ, ನಿಮ್ಮ ಇಷ್ಟ" ಎಂದೆ. ಮಾತು ಕೊಟ್ಟದ್ದು ನಾನು, ಬಿಟ್ಟುಕೊಟ್ಟದ್ದೂ ನಾನು.

ಇಷ್ಟಾದರೂ ನಿನ್ನೆ ಎಡ ಉಗುರಿಗೆ ಹಚ್ಚಲಿಲ್ಲ. ಯಾರಾದರೂ ಕರೆದರೆ ಎಂದು.

ಡಿಸೆಂಬರ್ 14. ಶನಿವಾರ

ಬೆಳಿಗ್ಗೆ ವಿಜಯಶ್ರೀ ಫೋನ್ ಮಾಡಿದಳು. "ಮಾವಾರು ನಿನ್ನಿಂದ ನೀರೂ ಒಲ್ಲೆ ಅನ್ನಾಕತ್ತಾರ್ರಿ. ನಿಮ್ಮ ಪಾದೋದಕ ಬಂದ್ರ ತಗೋತೀನಿ ಅಂತಾರ. ಮನ್ಯಾಗಿನವರು ಬ್ಯಾಡ ಅಂದ್ರೂ ನಾ ಫೋನ್ ಮಾಡೀನ್ರಿ. ಬರ್ರಿ."

ದಸ್ತಗೀರ್‌ಸಾಬ್ ಕರೆದೊಯ್ದ. ಅಗಸಿಯಲ್ಲಿ ಅಭ್ಯಾಸಬಲದಿಂದ ಆಟೋ ನಿಲ್ಲಿಸಿದ. ನಡಿ ಮುಂದಕ್ಕೆ ಎಂದೆ. ದೀಪಾ ಕೊಡಿಸಿದ ಮೆತ್ತನೆಯ ಚಪ್ಪಲಿ ಹಾಕಿಕೊಂಡೇ ಕರಿಬಸಪ್ಪನ ಬಾಗಿಲವರೆಗೆ ಹೋದೆ.

ಕರಿಬಸಪ್ಪ ಹಾಸಿಗೆಯಲ್ಲಿ ಒಂದು ಹಿಡಿಯಾಗಿದ್ದ. ಏದುಸಿರು. ನಾನು ದಾರಿಯಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಸಾಯುವವನ ಬಾಯಿಗೆ ಈ ಕಾಲು ತೊಳೆದ ನೀರು ಹಾಕಲು ನನ್ನಿಂದಾಗದು, ಆಗುವುದಿಲ್ಲವೆಂದು ಹೇಳಿಬಿಡಬೇಕು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ವಿಜಯಶ್ರೀ ಅಡುಗೆಮನೆಯ ಬಾಗಿಲಿಂದ ಕರೆದಳು.

ಒಳಗೆ ಅದೇ ಹಿತ್ತಾಳೆ ಬಟ್ಟಲು. ಫಿಲ್ಟರಿನಿಂದ ನೀರು ಬಿಟ್ಟು, ಒಂದು ಚಿಟಿಕೆ ವಿಭೂತಿ ಹಾಕಿ ಕದಡುತ್ತಿದ್ದಳು.

"ಇದನ್ನ ಕೊಡೂಣ್ರಿ ಅಯ್ಯಾರ. ನೀವು ಹೊರಗ ಪಾದ ತೊಳಿಸಿಕೋರಿ, ನಾ ಯಾವಾಗಿನಂಗ ಇದನ್ನ ತರತೀನಿ."

"ಯಾವಾಗಿನಂಗ?"

ಆಕೆ ಕದಡುವುದನ್ನು ನಿಲ್ಲಿಸಿದಳು. "ಹೋದ ವರ್ಷದ ಶ್ರಾವಣದಿಂದ್ರಿ. ನಿಮ್ಮ ಉಗುರು ನೋಡಿದ್ನ್ರಿ. ಮಾವಾರ ಮೈ ಮೊದಲ ಸೋತೈತಿ, ನನಗ ಅಂಜಿಕಿ ಆತು. ನಿಮಗ ಹೇಳಿದ್ರ ಮನಸಿಗೆ ಹತ್ತತೈತಿ ಅಂತ ಹೇಳಲಿಲ್ಲ. ತೊಳೆದ ನೀರು ಒಂದು ಹನಿನೂ ಚೆಲ್ಲಿಲ್ರಿ, ಪತ್ರಿ ಗಿಡದ ಬುಡಕ ಹಾಕೀನಿ."

"ಬರೇ ನಿಮ್ಮ ಮನ್ಯಾಗೋ?"

ವಿಜಯಶ್ರೀ ವಿಭೂತಿಯ ಡಬ್ಬಿ ಮುಚ್ಚಿಟ್ಟಳು. ನಾನು ನಿಂತೇ ಇದ್ದೆ. ಕೊನೆಗೆ, "ಎಲ್ಲಾರ ಮನ್ಯಾಗೂ ಹಿಂಗ ಮಾಡ್ತಾರ್ರಿ," ಎಂದಳು.

ಒಂದು ಹನಿಯೂ ಯಾರ ಹೊಟ್ಟೆಗೂ ಹೋಗಿರಲಿಲ್ಲ. ನಾನು ಉಗುರು ಒರೆಸಿದ ಒಂದೊಂದು ಸಂಜೆಯೂ, ಬಾಟಲಿ ಮಾಡದ ಮೇಲಿದ್ದ ಇಡೀ ಶ್ರಾವಣವೂ, ಪತ್ರಿ ಗಿಡದ ಬುಡಕ್ಕೆ ಹೋಯಿತು. ಅವರಿಗೆ ನಾನು ಹೇಳಲಿಲ್ಲ, ನನಗೆ ಅವರು ಹೇಳಲಿಲ್ಲ. ಎರಡೂ ಕಡೆ ಮರ್ಯಾದೆ ಉಳಿಯಿತು, ಬೆರಳು ಹೋಯಿತು. ಆ ಹುಡುಗಿಯ ಮೇಲೆ ಸಿಟ್ಟು ಮಾಡಲು ನೋಡಿದೆ, ಬರಲಿಲ್ಲ.

ಹೊರಗೆ ಬಂದು ಹಾಸಿಗೆಯ ಪಕ್ಕ ಕುರ್ಚಿಯಲ್ಲಿ ಕೂತು ಹರಿವಾಣದಲ್ಲಿ ಕಾಲಿಟ್ಟೆ. ಕರಿಬಸಪ್ಪ ಮಲಗಿದಲ್ಲಿಂದಲೇ ಕೈ ಚಾಚಿದ. ಎಡಗಾಲು ತಡವಿದ. ಬಲಗಾಲಿಗೆ ಬಂದ. ಬೆರಳಿದ್ದ ಜಾಗದಲ್ಲಿ ಅವನ ಕೈ ನಿಂತಿತು. ಅವನಿಗೆ ಯಾರೂ ಹೇಳಿರಲಿಲ್ಲ. ಆಚೆ ಈಚೆ ತಡವಿ ಮತ್ತೆ ಅಲ್ಲಿಗೇ ಬಂದ.

"ಎಲ್ಲಿ ಹೋತ್ರಿ ಅಯ್ಯಾರ?"

"ತಗದ್ರಪ್ಪ. ಹುಣ್ಣಾಗಿತ್ತು."

"ನೋವಾತೇನ್ರಿ?"

ಮೂವತ್ತು ವರ್ಷದಲ್ಲಿ ಈ ಕಾಲು ಮುಟ್ಟಿದ ಭಕ್ತರಲ್ಲಿ ಯಾರೂ ಕೇಳದ ಮಾತು. ಇಲ್ಲ ಎಂದೆ. ಅದು ನಿಜವೇ. ನೋವಾಗಿದ್ದರೆ ಬೆರಳು ಉಳಿಯುತ್ತಿತ್ತು.

"ಇನ್ನ ನಿನ್ನ ನೆತ್ತಿಗೆ ಈ ಕಾಲು ನಡೆಯಂಗಿಲ್ಲಂತ ಕರಿಬಸಪ್ಪ. ಸಣ್ಣ ಅಯ್ಯಾರು ಬರತಾರ."

ಅವನು ಬಹಳ ಹೊತ್ತು ಉಸಿರು ಕೂಡಿಸಿಕೊಂಡ. "ಇದ್ದಷ್ಟ ಇಡ್ರಿ," ಎಂದ. "ನಾ ಏನ್ ಪೂರಾ ಅದೀನೇನು?"

ವಿಜಯಶ್ರೀ ಬಟ್ಟಲು ತಂದಳು. ಮೂರು ಹನಿ ನಾನೇ ಬಾಯಿಗೆ ಬಿಟ್ಟೆ. ಕರಿಬಸಪ್ಪ ನಾಲಿಗೆ ಆಡಿಸಿ ಕಣ್ಣು ಮುಚ್ಚಿ, "ಅದ ರುಚಿ," ಎಂದ.

ಡಿಸೆಂಬರ್ 16. ಸೋಮವಾರ

ಕರಿಬಸಪ್ಪ ನಿನ್ನೆ ಮಧ್ಯಾಹ್ನ ಹೋದ. ಫೋನ್ ಮಾಡಿದ ಅನಿಲಕುಮಾರ ಸಾವಿನ ಸುದ್ದಿ ಹೇಳಿ, ಸಣ್ಣ ಅಯ್ಯಾರು ಲಿಂಗಸುಗೂರು ಬಿಟ್ಟಾರ, ನೀವು ತ್ರಾಸ ತಗೋಬ್ಯಾಡ್ರಿ ಎಂದ. ಆತು ಎಂದು ಬಾಯಿಗೆ ಬಂದಿತ್ತು. ಬಂದದ್ದನ್ನು ತಡೆದು, ಬರತೀನಿ ಎಂದೆ.

ಇವತ್ತು ಮುಂಜಾನೆ ಹೋದೆ. ಅಂಗಳದ ತುಂಬ ಜನ. ಕರಿಬಸಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು, ಹಣೆತುಂಬ ವಿಭೂತಿ. ಸಣ್ಣ ಅಯ್ಯ ಪಕ್ಕದಲ್ಲೇ ನಿಂತಿದ್ದ, ಹುಡುಗ, ಮುಖ ಸಣ್ಣದು ಮಾಡಿಕೊಂಡು. ನಾನು ಎಲ್ಲರೆದುರು ಚಪ್ಪಲಿ ಬಿಚ್ಚಿ, ಕಾಲುಚೀಲ ತೆಗೆದು, ಕಾಲು ತೋರಿಸಿದೆ.

"ಈ ಬೆರಳಿಗೆ ಫಂಗಸ್ ಆಗಿತ್ತು. ನಿಮಗೆಲ್ಲಾ ಗೊತ್ತಿತ್ತು, ನನಗ ಹೇಳಲಿಲ್ಲ. ನಿಮಗ ಗೊತ್ತಿಲ್ಲ ಅಂತ ನಾನೂ ಮುಚ್ಚಿಟ್ಟೆ. ಇನ್ನ ಮುಚ್ಚಿಡೂದು ಏನೂ ಉಳಿದಿಲ್ಲ. ಇವಗ ಮಾತು ಕೊಟ್ಟೀನಿ, ಇಡತೀನಿ. ಬ್ಯಾಡ ಅನ್ನೋರು ಈಗ ಅನ್ರಿ, ನಾ ಹೋದ ಮ್ಯಾಲಲ್ಲ."

ಯಾರೂ ಅನ್ನಲಿಲ್ಲ. ಹೆಂಗಸರು ನಿಂತ ಕಡೆ ಯಾರೋ ಅತ್ತರು. ಅನಿಲಕುಮಾರ ಬಂದು ನನ್ನ ರಟ್ಟೆ ಹಿಡಿದುಕೊಂಡ.

ಬಲಗಾಲು ಎತ್ತಿ ಕರಿಬಸಪ್ಪನ ನೆತ್ತಿಯ ಮೇಲಿಟ್ಟೆ. ಮಂತ್ರ ಮುಗಿಯುವವರೆಗೆ ಕಾಲು ಅಲ್ಲೇ ಇತ್ತು. ಅವನ ತಲೆ ತಣ್ಣಗಿತ್ತೋ, ಕೂದಲು ಚುಚ್ಚಿತೋ, ನನಗೆ ತಿಳಿಯಲಿಲ್ಲ. ಕೆಳಗೆ ನೋಡಿದಾಗಲೇ ಕಾಲು ಅವನ ಮೇಲಿದೆ ಎಂದು ಗೊತ್ತಾದದ್ದು. ಇಷ್ಟು ವರ್ಷ ನನ್ನ ಕಾಲು ಹಿಡಿದವನನ್ನು ಕೊನೆಗೊಮ್ಮೆ ಮುಟ್ಟಿದೆ, ಮುಟ್ಟಿದ್ದು ನನಗೆ ತಾಗಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿ, ಎಡಗಾಲು ಒರೆಸಿ, ಮಾಡದ ಮೇಲಿನ ಬಾಟಲಿ ಕೊಡು ಎಂದು ಶಿವಬಸಮ್ಮನಿಗೆ ಹೇಳಿದೆ. ನನಗೆ ಬಗ್ಗಲು ಆಗುತ್ತಿಲ್ಲವೆಂದು ಅವಳೇ ಕೂತು ಹಚ್ಚಿದಳು. ಕುಂಚ ತಣ್ಣಗೆ ತಾಗಿತು.

ಇವತ್ತು ಸೋಮವಾರ. ಔಷಧ ಹಚ್ಚಿದೆ.